ಬ್ಯಾಂಕ್‌ನಿಂದ ಊರಿಗೆ ನೆರವು: ಸಿಎಸ್‌ಆರ್ ಅರ್ಜಿಯಿಂದ ವಿಪತ್ತು ಪರಿಹಾರದವರೆಗೆ

ಕರಾವಳಿಯಲ್ಲಿ ಹುಟ್ಟಿದ ನಮ್ಮ ಹಳೆಯ ಬ್ಯಾಂಕ್‌ಗಳಲ್ಲಿ ಹಣದ ವ್ಯವಹಾರವೂ ಊರಿನ ಹಿತವೂ ಬೇರೆ ಬೇರೆಯಾಗಿರಲಿಲ್ಲ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಮಂಗಳೂರಿನಲ್ಲಿ ಸ್ಥಾಪಿಸಿದ ನಿಧಿಯೇ ಮುಂದೆ ಕೆನರಾ ಬ್ಯಾಂಕ್ ಆಯಿತು. ಅದರ ಮೂಲ ಧ್ಯೇಯಗಳಲ್ಲಿ ಉಳಿತಾಯದ ಜೊತೆಗೆ ಶಿಕ್ಷಣದ ಪ್ರಸಾರವೂ ಸೇರಿತ್ತು. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಅವರು ಉಡುಪಿಯಲ್ಲಿ ಕಟ್ಟಿದ ಸಂಸ್ಥೆ, ಅಂದರೆ ಮುಂದಿನ ಸಿಂಡಿಕೇಟ್ ಬ್ಯಾಂಕ್, ಸಂಕಷ್ಟಕ್ಕೆ ಸಿಲುಕಿದ್ದ ಕೈಮಗ್ಗದ ನೇಕಾರರಿಗೆ ಬಂಡವಾಳ ಒದಗಿಸುವುದಕ್ಕಾಗಿ ಆರಂಭವಾದದ್ದು. ಆಗ ನೆರವು ಬೇಕಾದವರು ಬ್ಯಾಂಕ್ ನಡೆಸುವವರ ಮುಖ ನೋಡಿ ಮಾತನಾಡುತ್ತಿದ್ದರು. ಈಗ ಆ ಜಾಗದಲ್ಲಿ ಕಾಯ್ದೆ, ಸುತ್ತೋಲೆ ಮತ್ತು ಸಮಿತಿಗಳಿವೆ. ಅವುಗಳನ್ನು ಅರಿತವರಿಗೆ ನೆರವು ಸಿಗುತ್ತದೆ. ಅರಿಯದವರು ಶಾಖೆಗೆ ಅಲೆದು ಬೇಸತ್ತು ಸುಮ್ಮನಾಗುತ್ತಾರೆ.

ಬ್ಯಾಂಕ್ ಊರಿಗೆ ಕೊಡುವ ನೆರವಿನಲ್ಲಿ ಎರಡು ಬಗೆಗಳಿವೆ. ಒಂದು, ತನ್ನ ಲಾಭದಿಂದ ಶಾಲೆಗೆ, ಆಸ್ಪತ್ರೆಗೆ, ತರಬೇತಿಗೆ, ಸಂತ್ರಸ್ತರಿಗೆ ಕೊಡುವ ಹಣ. ಇದನ್ನು ಯಾರಿಗೆ ಕೊಡಬೇಕೆಂಬುದು ಬ್ಯಾಂಕ್‌ನ ಆಯ್ಕೆಗೆ ಬಿಟ್ಟದ್ದು. ನಿಮ್ಮ ಊರಿಗೇ ಕೊಡಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಇನ್ನೊಂದು, ನೆರೆ, ಬರ, ಭೂಕುಸಿತದಂಥ ವಿಪತ್ತಿನಲ್ಲಿ ಸಾಲಗಾರರಿಗೂ ಖಾತೆದಾರರಿಗೂ ರಿಸರ್ವ್ ಬ್ಯಾಂಕ್‌ನ ನಿರ್ದೇಶನದಂತೆ ಒದಗಿಸಬೇಕಾದ ಸೌಲಭ್ಯಗಳು. ಪತ್ರಿಕೆಯಲ್ಲಿ ಫೋಟೋ ಬರುವುದು ಮೊದಲನೆಯದಕ್ಕೆ. ಆದರೆ ಒಂದು ತಾಲ್ಲೂಕಿನ ಮಟ್ಟಿಗೆ ಲೆಕ್ಕ ಹಾಕಿದರೆ, ಜನರ ಕೈಯಲ್ಲಿ ಉಳಿಯುವ ಹಣದ ದೃಷ್ಟಿಯಿಂದ ಎರಡನೆಯದೇ ಎಷ್ಟೋ ಪಾಲು ದೊಡ್ಡದು ಎಂಬುದು ಈ ಲೇಖಕನ ಅಭಿಪ್ರಾಯ. ಈ ಮಾರ್ಗದರ್ಶಿಯಲ್ಲಿ ಅದಕ್ಕೇ ಹೆಚ್ಚು ಜಾಗ ಕೊಡಲಾಗಿದೆ.

ಮೊದಲು: ನಿಮ್ಮ ಬ್ಯಾಂಕ್ ಯಾವ ವರ್ಗದ್ದು ಎಂದು ತಿಳಿಯಿರಿ

ಎಲ್ಲ ಬ್ಯಾಂಕ್‌ಗಳಿಗೂ ಒಂದೇ ಕಾಯ್ದೆ ಅನ್ವಯಿಸುವುದಿಲ್ಲ. ಕರ್ನಾಟಕ ಬ್ಯಾಂಕ್, ಎಚ್‌ಡಿಎಫ್‌ಸಿ ಬ್ಯಾಂಕ್‌ನಂಥ ಖಾಸಗಿ ಬ್ಯಾಂಕ್‌ಗಳು ಕಂಪನಿಗಳಾದ್ದರಿಂದ 2013ರ ಕಂಪನಿ ಕಾಯ್ದೆಯ 135ನೇ ಕಲಮಿಗೆ ಒಳಪಡುತ್ತವೆ. ಹಿಂದಿನ ಹಣಕಾಸು ವರ್ಷದಲ್ಲಿ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ, ಅಂದರೆ ಎಲ್ಲರೂ ಸಿಎಸ್‌ಆರ್ ಎಂದು ಕರೆಯುವ ಬಾಬತ್ತಿಗೆ, ವ್ಯಯಿಸಬೇಕು. ತಾನು ಕೆಲಸ ಮಾಡುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂದೂ ಅದೇ ಕಲಮು ಹೇಳುತ್ತದೆ. ಅರ್ಜಿಯಲ್ಲಿ ಈ ಮಾತನ್ನು ಉಲ್ಲೇಖಿಸುವುದು ಒಳ್ಳೆಯದು; ನಿಮ್ಮ ಊರಿನಲ್ಲಿ ಆ ಬ್ಯಾಂಕ್‌ನ ಶಾಖೆ ಎಷ್ಟು ವರ್ಷಗಳಿಂದ ಇದೆ ಎಂಬುದನ್ನೂ ಬರೆಯಿರಿ.

ಕೆನರಾ ಬ್ಯಾಂಕ್, ಯೂನಿಯನ್ ಬ್ಯಾಂಕ್, ಸ್ಟೇಟ್ ಬ್ಯಾಂಕ್ ಮೊದಲಾದ ಸಾರ್ವಜನಿಕ ವಲಯದ ಬ್ಯಾಂಕ್‌ಗಳು ಬೇರೆ ಕಾಯ್ದೆಗಳ ಅಡಿಯಲ್ಲಿ ರಚನೆಯಾದವು. ಅವುಗಳಿಗೆ ಶೇ. 2ರ ಕಡ್ಡಾಯವಿಲ್ಲ, ಹಿಂದಿನ ವರ್ಷದ ಪ್ರಕಟಿತ ಲಾಭದ ಶೇ. 1ರ ಮಿತಿಯೊಳಗೆ, ತಮ್ಮದೇ ನೀತಿಯಂತೆ, ದೇಣಿಗೆ ನೀಡುವುದು ಅವುಗಳ ವಾಡಿಕೆ. ಕೆಲವು ಬ್ಯಾಂಕ್‌ಗಳು ಈ ಕೆಲಸಕ್ಕೆ ಪ್ರತ್ಯೇಕ ಸಂಸ್ಥೆಗಳನ್ನೇ ಇರಿಸಿಕೊಂಡಿವೆ. ಸ್ಟೇಟ್ ಬ್ಯಾಂಕ್‌ಗೆ ಎಸ್‌ಬಿಐ ಫೌಂಡೇಶನ್ ಇದೆ. ಎಚ್‌ಡಿಎಫ್‌ಸಿ ಬ್ಯಾಂಕ್ ತನ್ನ ಕೆಲಸವನ್ನು ಪರಿವರ್ತನ್ ಎಂಬ ಹೆಸರಿನಲ್ಲಿ ನಡೆಸುತ್ತದೆ. ಸಹಕಾರಿ ಬ್ಯಾಂಕ್‌ಗಳ ಮತ್ತು ಕೃಷಿ ಪತ್ತಿನ ಸಹಕಾರ ಸಂಘಗಳ ಧರ್ಮಾರ್ಥ ವಿನಿಯೋಗ ಸಹಕಾರ ಕಾಯ್ದೆ ಹಾಗೂ ಆಯಾ ಸಂಘದ ಉಪವಿಧಿಗಳಿಗೆ ಸೇರಿದ್ದು. ಅಲ್ಲಿ ಮಾತು ನಡೆಯುವುದು ಆಡಳಿತ ಮಂಡಳಿಯಲ್ಲಿ ಮತ್ತು ವಾರ್ಷಿಕ ಮಹಾಸಭೆಯಲ್ಲಿ.

ಏನನ್ನು ಕೇಳಬಹುದು, ಏನನ್ನು ಕೇಳಬಾರದು

ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ಸಿಎಸ್‌ಆರ್ ಹಣ ಬಳಸಬಹುದಾದ ವಿಷಯಗಳ ಪಟ್ಟಿ ಇದೆ. ಶಿಕ್ಷಣ, ಆರೋಗ್ಯ, ಕುಡಿಯುವ ನೀರು, ನೈರ್ಮಲ್ಯ, ಮಹಿಳೆಯರ ಮತ್ತು ವೃದ್ಧರ ಕಲ್ಯಾಣ, ಪರಿಸರ, ಗ್ರಾಮೀಣಾಭಿವೃದ್ಧಿ ಅದರಲ್ಲಿವೆ. ಪರಿಹಾರ, ಪುನರ್ವಸತಿ ಮತ್ತು ಪುನರ್ನಿರ್ಮಾಣವೂ ಸೇರಿದಂತೆ ವಿಪತ್ತು ನಿರ್ವಹಣೆಯನ್ನು 2019ರಲ್ಲಿ ಪ್ರತ್ಯೇಕ ಬಾಬತ್ತಾಗಿ ಸೇರಿಸಲಾಯಿತು. ನಿಮ್ಮ ಬೇಡಿಕೆ ಈ ಪಟ್ಟಿಯ ಯಾವ ಬಾಬತ್ತಿಗೆ ಸೇರುತ್ತದೆ ಎಂಬುದನ್ನು ಅರ್ಜಿಯ ಮೊದಲ ಸಾಲುಗಳಲ್ಲೇ ಹೇಳಿಬಿಟ್ಟರೆ, ಓದುವ ಅಧಿಕಾರಿಯ ಅರ್ಧ ಕೆಲಸ ಮುಗಿದಂತೆ.

ದೇವಸ್ಥಾನದ ಜೀರ್ಣೋದ್ಧಾರ, ಜಾತ್ರೆ, ಒಂದು ದಿನದ ಕಬಡ್ಡಿ ಪಂದ್ಯಾವಳಿ, ಸನ್ಮಾನ ಸಮಾರಂಭ, ಸ್ಮರಣ ಸಂಚಿಕೆಯ ಜಾಹೀರಾತು ಇವು ಸಿಎಸ್‌ಆರ್ ಅಲ್ಲ. ಒಂದೇ ಬಾರಿಯ ಕಾರ್ಯಕ್ರಮ, ಪ್ರಶಸ್ತಿ, ಜಾಹೀರಾತುಗಳನ್ನು ಈ ಲೆಕ್ಕಕ್ಕೆ ಹಿಡಿಯುವಂತಿಲ್ಲವೆಂದು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ 2014ರಲ್ಲೇ ಸ್ಪಷ್ಟಪಡಿಸಿದೆ. ಇಂಥವಕ್ಕೆ ಬ್ಯಾಂಕ್ ಹಣ ಕೊಟ್ಟರೂ ಅದು ಪ್ರಚಾರದ ಬಾಬತ್ತಿನಿಂದ ಬರುತ್ತದೆ, ಮೊತ್ತವೂ ಚಿಕ್ಕದಾಗಿರುತ್ತದೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಬೆರೆಸಿ, ಶಾಲೆಯ ಶೌಚಾಲಯದ ಜೊತೆಗೆ ವಾರ್ಷಿಕೋತ್ಸವದ ಶಾಮಿಯಾನವನ್ನೂ ಕೇಳಿದರೆ, ಶೌಚಾಲಯದ ಬೇಡಿಕೆಯೂ ಬಿದ್ದುಹೋಗುವ ಸಂಭವ ಹೆಚ್ಚು. ರಾಜಕೀಯ ಪಕ್ಷದ ನೆರಳು ತಾಗಿದ ಯಾವ ಕೆಲಸಕ್ಕೂ ಈ ಹಣ ಬರುವುದಿಲ್ಲ.

ಅರ್ಜಿ ಹಾಕುವ ಕ್ರಮ

ಅರ್ಜಿಯನ್ನು ಶಾಖೆಯಲ್ಲಿ ಕೊಡಬಹುದು, ಆದರೆ ಮಂಜೂರಾತಿ ಶಾಖೆಯಲ್ಲಿ ಆಗುವುದಿಲ್ಲ. ಶಾಖಾ ವ್ಯವಸ್ಥಾಪಕರು ಶಿಫಾರಸು ಮಾಡಿ ಪ್ರಾದೇಶಿಕ ಕಚೇರಿಗೆ ಕಳುಹಿಸುತ್ತಾರೆ; ಅಲ್ಲಿಂದ ಅದು ಪ್ರಧಾನ ಕಚೇರಿಯ ಸಮಿತಿಗೆ ಹೋಗುತ್ತದೆ. ಹೀಗಾಗಿ ಕಾಗದಪತ್ರಗಳು ನಿಮ್ಮ ಊರನ್ನು ಕಂಡೇ ಇರದ ಅಧಿಕಾರಿಗೂ ಅರ್ಥವಾಗುವಂತಿರಬೇಕು. ಗ್ರಾಮ ಪಂಚಾಯಿತಿಯ ಅಥವಾ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ನಡಾವಳಿಯ ನಕಲು, ಈಗಿನ ಸ್ಥಿತಿಯ ಛಾಯಾಚಿತ್ರಗಳು, ಪ್ರಯೋಜನ ಪಡೆಯುವವರ ಸಂಖ್ಯೆ, ಅಧಿಕೃತ ಮಾರಾಟಗಾರರಿಂದ ಪಡೆದ ದರಪಟ್ಟಿಗಳು, ಕಟ್ಟಡದ ಕೆಲಸವಾದರೆ ಎಂಜಿನಿಯರ್ ಸಹಿಯ ಅಂದಾಜುಪಟ್ಟಿ ಮತ್ತು ಜಾಗ ಯಾರ ಹೆಸರಿನಲ್ಲಿದೆ ಎಂಬುದರ ದಾಖಲೆ, ಸರ್ಕಾರಿ ಶಾಲೆಯಾದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಒಪ್ಪಿಗೆ ಪತ್ರ, ಇವಿಷ್ಟು ಇದ್ದರೆ ಅರ್ಜಿ ಪೂರ್ಣವಾಗುತ್ತದೆ. ಕೊಟ್ಟ ವಸ್ತುವಿನ ನಿರ್ವಹಣೆ ಯಾರದು ಎಂಬ ಒಂದು ಪ್ಯಾರಾ ತಪ್ಪದೆ ಇರಲಿ. ಶುದ್ಧ ಕುಡಿಯುವ ನೀರಿನ ಘಟಕ ಕೊಟ್ಟ ಮೇಲೆ ಅದರ ಫಿಲ್ಟರ್ ಬದಲಿಸುವವರಿಲ್ಲದೆ ಘಟಕಕ್ಕೆ ಬೀಗ ಬಿದ್ದ ಉದಾಹರಣೆಗಳನ್ನು ಅಧಿಕಾರಿಗಳು ಸಾಕಷ್ಟು ನೋಡಿರುತ್ತಾರೆ.

ಹಣವನ್ನು ಸಂಘದ ಖಾತೆಗೇ ಹಾಕಬೇಕೆಂದು ಕೇಳುವುದಾದರೆ ನಿಯಮಗಳು ಬಿಗಿಯಾಗುತ್ತವೆ. ಕಂಪನಿ ಕಾಯ್ದೆಗೆ ಒಳಪಟ್ಟ ಬ್ಯಾಂಕ್ ಬೇರೊಂದು ಖಾಸಗಿ ಸಂಸ್ಥೆಯ ಮೂಲಕ ಕೆಲಸ ಮಾಡಿಸುವಾಗ, ಆ ಸಂಸ್ಥೆ ನೋಂದಾಯಿತ ಟ್ರಸ್ಟ್, ಸೊಸೈಟಿ ಅಥವಾ ಲಾಭರಹಿತ ಕಂಪನಿಯಾಗಿರಬೇಕು. ಆದಾಯ ತೆರಿಗೆಯ 12ಎ ಮತ್ತು 80ಜಿ ನೋಂದಣಿ ಇರಬೇಕು. ಅದೇ ಬಗೆಯ ಕೆಲಸದಲ್ಲಿ ಕನಿಷ್ಠ 3 ವರ್ಷಗಳ ಅನುಭವ ಇರಬೇಕು. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆ ಸಲ್ಲಿಸಿ ಸಚಿವಾಲಯದಿಂದ ನೋಂದಣಿ ಸಂಖ್ಯೆಯನ್ನೂ ಪಡೆದಿರಬೇಕು. ಹಳ್ಳಿಯ ಯುವಕ ಮಂಡಲಕ್ಕೋ ಮಹಿಳಾ ಸಂಘಕ್ಕೋ ಇಷ್ಟೆಲ್ಲ ಹೊರೆ ಅನಗತ್ಯ. ಬ್ಯಾಂಕ್ ತಾನೇ ನೇರವಾಗಿ ವಸ್ತು ಖರೀದಿಸಿ ಮಾರಾಟಗಾರರಿಗೆ ಹಣ ಪಾವತಿಸಿ ಹಸ್ತಾಂತರಿಸುವುದಕ್ಕೆ ಅವಕಾಶವಿದೆ, ಹಾಗೆಯೇ ಕೇಳಿ. ಸಿಎಸ್‌ಆರ್ ಹಣದಿಂದ ನಿರ್ಮಿಸಿದ ಅಥವಾ ಖರೀದಿಸಿದ ಆಸ್ತಿಯನ್ನು ಸರ್ಕಾರಿ ಪ್ರಾಧಿಕಾರವಾಗಲಿ, ಯೋಜನೆಯ ಫಲಾನುಭವಿಗಳೇ ಆದ ಸ್ವಸಹಾಯ ಸಂಘವಾಗಲಿ ಹೊಂದಬಹುದೆಂದು ನಿಯಮದಲ್ಲಿದೆ. ರೊಟ್ಟಿ ತಯಾರಿಸುವ ಯಂತ್ರ ಬೇಕಾದ ಮಹಿಳಾ ಸಂಘವು ಅದಕ್ಕಾಗಿ ಟ್ರಸ್ಟ್ ಹುಟ್ಟುಹಾಕಬೇಕಾಗಿಲ್ಲ.

ಕಾಲವನ್ನೂ ನೋಡಿಕೊಳ್ಳಬೇಕು. ವರ್ಷದ ಕಾರ್ಯಯೋಜನೆಗೆ ಆಡಳಿತ ಮಂಡಳಿ ಅನುಮೋದನೆ ನೀಡಿದ ಮೇಲೆ ಅದನ್ನು ಬದಲಿಸಲು ಕಾರಣ ಕೊಡಬೇಕಾಗುತ್ತದೆ. ಆದ್ದರಿಂದ ಏಪ್ರಿಲ್, ಮೇ ತಿಂಗಳಲ್ಲಿ ತಲುಪಿದ ಅರ್ಜಿಗೆ ಬೆಲೆ ಹೆಚ್ಚು. ಮಾರ್ಚ್‌ನಲ್ಲಿ ಉಳಿದ ಹಣ ಹಂಚುತ್ತಾರೆಂಬ ನಂಬಿಕೆ ಜನರಲ್ಲಿದೆ, ಆದರೆ ಅದನ್ನು ನೆಚ್ಚಿಕೊಳ್ಳಲಾಗದು: ಮುಂದುವರಿಯುವ ಯೋಜನೆಗಳ ಖರ್ಚಾಗದ ಮೊತ್ತವನ್ನು ಕಂಪನಿಯು ಪ್ರತ್ಯೇಕ ಖಾತೆಗೆ ವರ್ಗಾಯಿಸಿ 3 ವರ್ಷಗಳೊಳಗೆ ಬಳಸಬಹುದು.

ಹಣಕ್ಕಿಂತ ತರಬೇತಿ ಹೆಚ್ಚು ಉಪಯುಕ್ತವಾಗುವ ಸಂದರ್ಭಗಳೂ ಇವೆ. 1982ರಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಕೂಡಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯೇ ಇಂದು ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕ್‌ಗಳು ನಡೆಸುವ ಆರ್‌ಸೆಟಿ, ಅಂದರೆ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಕೇಂದ್ರಗಳಿಗೆ ಮಾದರಿ. ಹೈನುಗಾರಿಕೆ, ಹೊಲಿಗೆ, ಮೊಬೈಲ್ ರಿಪೇರಿ ಮೊದಲಾದ ತರಬೇತಿಗಳು ಊಟ ವಸತಿ ಸಹಿತ ಉಚಿತ. ಸೇರಲು 18 ವರ್ಷ ತುಂಬಿರಬೇಕು. ತರಬೇತಿಯ ಪ್ರಮಾಣಪತ್ರವಿದ್ದರೆ ಸಾಲದ ಅರ್ಜಿಗೂ ಬಲ ಬರುತ್ತದೆ. ಕಾರ್ಕಳದ ಮಿಯಾರಿನಲ್ಲಿರುವ ಸಿ.ಇ. ಕಾಮತ್ ಸಂಸ್ಥೆಯಲ್ಲಿ ಕಲ್ಲು, ಮರ, ಲೋಹದ ಕೆತ್ತನೆ ಕಲಿಸುವ ಏರ್ಪಾಡಿನ ಹಿಂದೆಯೂ ಕೆನರಾ ಬ್ಯಾಂಕ್ ಸ್ಥಾಪಿಸಿದ ಟ್ರಸ್ಟ್ ಇದೆ.

ವಿಪತ್ತು ಬರುವ ಮೊದಲೇ ಮಾಡಿಡಬೇಕಾದ ಕೆಲಸ

ವಿಪತ್ತಿನ ನೆರವು ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದು ಬಹುಮಟ್ಟಿಗೆ ಮಳೆ ಬೀಳುವ ಮುಂಚೆಯೇ ತೀರ್ಮಾನವಾಗಿರುತ್ತದೆ. ರಿಸರ್ವ್ ಬ್ಯಾಂಕ್‌ನ ನಿರ್ದೇಶನದಂತೆ, ವಿಪತ್ತು ಸಂಭವಿಸಿದ ಹೊತ್ತಿಗೆ ಸುಸ್ತಿಯಾಗಿದ್ದ ಅಲ್ಪಾವಧಿ ಬೆಳೆ ಸಾಲ ಮರುಹೊಂದಾಣಿಕೆಗೆ, ಅಂದರೆ ಮರುಪಾವತಿಯ ಅವಧಿ ವಿಸ್ತರಣೆಗೆ, ಅರ್ಹವಲ್ಲ. ಅವಧಿ ಮೀರಿ ಒಂದು ತಿಂಗಳಾದ ಸಾಲಗಾರ ಕೂಡ ಈ ಒಂದು ನಿಯಮದಿಂದ ಹೊರಗುಳಿಯಬಹುದು. ಕಿಸಾನ್ ಕ್ರೆಡಿಟ್ ಕಾರ್ಡ್‌ನ ನವೀಕರಣವನ್ನು ಮುಂಗಾರಿಗೆ ಮುನ್ನವೇ ಮುಗಿಸಿಕೊಳ್ಳುವುದು ಇದೇ ಕಾರಣಕ್ಕೆ ಮುಖ್ಯ.

ಸರ್ಕಾರದ ಪರಿಹಾರದ ಹಣ ಆಧಾರ್ ಜೋಡಣೆಯಾದ ಖಾತೆಗೆ ಬರುತ್ತದೆ. ಎರಡು ಮೂರು ಬ್ಯಾಂಕ್‌ಗಳಲ್ಲಿ ಖಾತೆ ಇರುವವರು, ಯಾವ ಖಾತೆಗೆ ಜೋಡಣೆಯಾಗಿದೆ ಎಂಬುದನ್ನು ಶಾಖೆಯಲ್ಲೋ ಊರಿನಲ್ಲೇ ಬ್ಯಾಂಕ್ ಸೇವೆ ಒದಗಿಸುವ ಪ್ರತಿನಿಧಿಗಳಾದ ಬ್ಯಾಂಕ್ ಮಿತ್ರರ ಬಳಿಯೋ ಕೇಳಿ ತಿಳಿದಿಟ್ಟುಕೊಳ್ಳಬೇಕು. ಎರಡು ವರ್ಷಕ್ಕೂ ಹೆಚ್ಚು ಕಾಲ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಒಂದು ಸಣ್ಣ ಜಮೆಯಿಂದ ಅದನ್ನು ತಪ್ಪಿಸಬಹುದು. ಎಲ್ಲ ಖಾತೆಗಳಿಗೂ ನಾಮನಿರ್ದೇಶನ ಇರಲಿ.

ವಿಮೆಯ ವಿಷಯದಲ್ಲಿ ನಮ್ಮ ಜನರ ಉದಾಸೀನ ದೊಡ್ಡದು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ. ನೆರೆ, ಭೂಕುಸಿತದಂಥ ಪ್ರಕೃತಿ ವಿಕೋಪದಲ್ಲಿ ಸಂಭವಿಸಿದ ಸಾವೂ ಇದರಲ್ಲಿ ಸೇರುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಜೀವನ್ ಜ್ಯೋತಿ ಯೋಜನೆಗೆ 436 ರೂಪಾಯಿ. 18ರಿಂದ 50 ವರ್ಷದೊಳಗೆ ಸೇರಿದವರಿಗೆ ಯಾವುದೇ ಕಾರಣದ ಸಾವಿಗೂ 2 ಲಕ್ಷ. ಎರಡರ ಕಂತೂ ಮೇ ಕೊನೆಯ ವಾರದಲ್ಲಿ ಖಾತೆಯಿಂದ ಕಡಿತವಾಗಿ, ಜೂನ್ 1ರಿಂದ ಮರುವರ್ಷದ ಮೇ 31ರವರೆಗೆ ರಕ್ಷಣೆ ಇರುತ್ತದೆ. ಮೇ ತಿಂಗಳಲ್ಲಿ ಖಾತೆ ಬರಿದಾಗಿದ್ದರೆ ಮುಂಗಾರಿನ ಹೊತ್ತಿಗೆ ರಕ್ಷಣೆ ಇರುವುದಿಲ್ಲ. ಸ್ವಸಹಾಯ ಸಂಘಗಳು ಮೇ ತಿಂಗಳ ಸಭೆಯಲ್ಲಿ ಎಲ್ಲ ಸದಸ್ಯರ ಪಾಸ್‌ಬುಕ್ ನೋಡುವ ರೂಢಿ ಮಾಡಿಕೊಂಡರೆ ಸಾಕು.

ಮುದ್ರಾ ಅಥವಾ ಬೇರೆ ಸಾಲದ ಮೇಲೆ ಅಂಗಡಿ ನಡೆಸುವವರು, ದಾಸ್ತಾನಿನ ವಿಮೆಯ ಪ್ರೀಮಿಯಂ ಸಾಲದ ಖಾತೆಯಿಂದ ಕಡಿತವಾಗಿದೆಯೇ, ಪಾಲಿಸಿಯಲ್ಲಿ ಅಂಗಡಿಯ ವಿಳಾಸ ಸರಿಯಿದೆಯೇ, ಪ್ರವಾಹಕ್ಕೂ ರಕ್ಷಣೆ ಇದೆಯೇ ಎಂದು ಪರಿಶೀಲಿಸಿ ಪಾಲಿಸಿಯ ನಕಲನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಬೇಕು. ಲಾಕರ್ ಇಟ್ಟವರಿಗೂ ಒಂದು ಮಾತು: ಬೆಂಕಿ, ಕಳವು, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕ್‌ನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟಿನಷ್ಟಿದೆ, ಆದರೆ ಭೂಕಂಪ, ಪ್ರವಾಹ, ಸಿಡಿಲಿನಂಥ ಪ್ರಕೃತಿ ವಿಕೋಪದ ನಷ್ಟಕ್ಕೆ ಬ್ಯಾಂಕ್ ಹೊಣೆಯಲ್ಲ. ನದೀತೀರದ ಶಾಖೆಯಲ್ಲಿ ಮೂಲ ದಾಖಲೆಗಳನ್ನಿಟ್ಟವರು ಅವುಗಳ ಡಿಜಿಟಲ್ ಪ್ರತಿಯನ್ನೂ ಇಟ್ಟುಕೊಂಡಿರಲಿ.

ವಿಪತ್ತಿನ ಮೊದಲ ದಿನಗಳು

ಫಸಲ್ ಬಿಮಾ ಮಾಡಿಸಿದ ರೈತರು ಆಲಿಕಲ್ಲು, ಭೂಕುಸಿತದಂಥ ಸ್ಥಳೀಯ ವಿಕೋಪದಿಂದ ಬೆಳೆ ಹಾನಿಯಾದರೆ 72 ಗಂಟೆಗಳೊಳಗೆ ತಿಳಿಸಬೇಕು. ಅದನ್ನು 14447 ಸಹಾಯವಾಣಿಯಲ್ಲಿ, ಬ್ಯಾಂಕ್ ಶಾಖೆಯಲ್ಲಿ ಅಥವಾ ಕೃಷಿ ಇಲಾಖೆಯಲ್ಲಿ ತಿಳಿಸಬಹುದು. ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆಗೂ 14 ದಿನಗಳವರೆಗೆ ನಿರ್ದಿಷ್ಟ ಕಾರಣಗಳಿಗೆ ರಕ್ಷಣೆ ಇದೆ. ಅಂಗಡಿ, ವಾಹನ, ಮನೆಯ ವಿಮೆ ಇರುವವರು ಹಾಳಾದ ಸರಕನ್ನು ಎಸೆಯುವ ಮೊದಲು ವಿಡಿಯೊ ಮಾಡಿ, ವಿಮಾ ಕಂಪನಿಗೂ ಬ್ಯಾಂಕ್‌ಗೂ ಲಿಖಿತವಾಗಿ ತಿಳಿಸಬೇಕು. ಗ್ರಾಮ ಆಡಳಿತ ಅಧಿಕಾರಿ ಬಂದು ಮಹಜರು ಮಾಡಿದರೆ ಅದರ ನಕಲು ಕೇಳಿ ಪಡೆಯಿರಿ; ಮುಂದೆ ಬ್ಯಾಂಕ್‌ನಲ್ಲೂ ಅದೇ ಆಧಾರವಾಗುತ್ತದೆ.

ಪಾಸ್‌ಬುಕ್, ಎಟಿಎಂ ಕಾರ್ಡ್ ಎಲ್ಲ ನೀರಿನಲ್ಲಿ ಹೋದರೂ ಆಧಾರ್ ಜೋಡಣೆಯಾದ ಖಾತೆಯಿಂದ ಬ್ಯಾಂಕ್ ಮಿತ್ರರ ಬಳಿ ಬೆರಳಚ್ಚು ನೀಡಿ ಹಣ ತೆಗೆಯಬಹುದು. ಯಾವ ದಾಖಲೆಯೂ ಉಳಿಯದವರಿಗೆ ಭಾವಚಿತ್ರ ಮತ್ತು ಅಧಿಕಾರಿಯೆದುರಿನ ಸಹಿ ಅಥವಾ ಹೆಬ್ಬೆಟ್ಟಿನ ಗುರುತಿನ ಮೇಲೆ ಸಣ್ಣ ಖಾತೆ ತೆರೆಯಲು ರಿಸರ್ವ್ ಬ್ಯಾಂಕ್‌ನ 2018ರ ನಿರ್ದೇಶನ ಅವಕಾಶ ಕೊಟ್ಟಿದೆ. ಶಾಖೆಯೇ ಮುಳುಗಿದ್ದರೆ ಬ್ಯಾಂಕ್ ತಾತ್ಕಾಲಿಕ ಸ್ಥಳದಿಂದ ಸೇವೆ ಒದಗಿಸಬೇಕು. ನಿಶ್ಚಿತ ಠೇವಣಿಯನ್ನು ಅವಧಿಗೆ ಮುನ್ನ ಮುರಿಯುವ ದಂಡ, ಎಟಿಎಂ ಶುಲ್ಕ ಮುಂತಾದವುಗಳ ಮನ್ನಾ ಬ್ಯಾಂಕ್‌ನ ವಿವೇಚನೆಗೆ ಸೇರಿದ್ದು, ಆದರೆ ಕೇಳದೆ ಸಿಗುವುದು ಅಪರೂಪ.

ಒದ್ದೆಯಾದ, ಹರಿದ ನೋಟುಗಳನ್ನು ಎಸೆಯಬೇಡಿ. ಅವುಗಳನ್ನು ನಿಮ್ಮ ಖಾತೆ ಇಲ್ಲದ ಬ್ಯಾಂಕ್‌ನ ಶಾಖೆಯಲ್ಲೂ ಬದಲಾಯಿಸಿಕೊಳ್ಳಬಹುದು. ಹರಿದ ನೋಟಿಗೆ ಎಷ್ಟು ಭಾಗ ಉಳಿದಿದೆ ಎಂಬುದರ ಮೇಲೆ ಮೌಲ್ಯ ನಿರ್ಧಾರವಾಗುತ್ತದೆ. ಬಿಡಿಸಲಾಗದಂತೆ ಒಂದಕ್ಕೊಂದು ಅಂಟಿಹೋದ ಅಥವಾ ಸುಟ್ಟು ಕರಕಲಾದ ನೋಟುಗಳನ್ನು ಮಾತ್ರ ಶಾಖೆಗಳು ಸ್ವೀಕರಿಸುವುದಿಲ್ಲ. ಅಂಥವನ್ನು ಬಲವಂತವಾಗಿ ಬಿಡಿಸಲು ಹೋಗದೆ ಹಾಗೆಯೇ ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿರುವ ರಿಸರ್ವ್ ಬ್ಯಾಂಕ್ ಕಚೇರಿಗೆ ಒಯ್ಯಬೇಕು.

ಸಾಲದ ಮರುಹೊಂದಾಣಿಕೆ

ಈ ಭಾಗವನ್ನು ನಿಧಾನವಾಗಿ ಓದಬೇಕು, ಏಕೆಂದರೆ ಹೆಚ್ಚು ಗೊಂದಲವಿರುವುದು ಇಲ್ಲೇ. ಸರ್ಕಾರ ವಿಪತ್ತನ್ನು ಘೋಷಿಸಿದ ಮೇಲೆ ಬ್ಯಾಂಕ್‌ಗಳ ಕೆಲಸ ಆರಂಭವಾಗುತ್ತದೆ. ರಾಜ್ಯದ ಹೆಚ್ಚಿನ ಭಾಗ ವಿಪತ್ತಿಗೆ ತುತ್ತಾಗಿದ್ದರೆ, ಘೋಷಣೆಯಾದ 15 ದಿನಗಳೊಳಗೆ ರಾಜ್ಯಮಟ್ಟದ ಬ್ಯಾಂಕರ್‌ಗಳ ಸಮಿತಿ ವಿಶೇಷ ಸಭೆ ಸೇರಬೇಕು. ಕರ್ನಾಟಕದಲ್ಲಿ ಅದರ ಸಂಚಾಲಕತ್ವ ಕೆನರಾ ಬ್ಯಾಂಕ್‌ನದು. ಜಿಲ್ಲೆಯ ಒಂದು ಭಾಗಕ್ಕೆ ಮಾತ್ರ ಹಾನಿಯಾಗಿದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಲಹಾ ಸಮಿತಿ ತಕ್ಷಣ ಸೇರಬೇಕು. ಆ ಸಭೆಯನ್ನು ಕರೆಯುವವರು ಜಿಲ್ಲೆಯ ಲೀಡ್ ಬ್ಯಾಂಕ್‌ನ, ಅಂದರೆ ಜಿಲ್ಲೆಯ ಎಲ್ಲ ಬ್ಯಾಂಕ್‌ಗಳ ಕೆಲಸವನ್ನು ಸಂಯೋಜಿಸುವ ಬ್ಯಾಂಕ್‌ನ, ವ್ಯವಸ್ಥಾಪಕರು. ಊರಿನ ಪರವಾಗಿ ಮನವಿ ಕೊಡುವುದಾದರೆ ಅವರಿಗೂ ಜಿಲ್ಲಾಧಿಕಾರಿಗಳಿಗೂ ಕೊಡಬೇಕು. ಶಾಖಾ ವ್ಯವಸ್ಥಾಪಕರ ಮೇಲೆ ಕೂಗಾಡುವುದರಿಂದ ಪ್ರಯೋಜನವಿಲ್ಲ, ಸಮಿತಿಯ ತೀರ್ಮಾನ ಬಾರದೆ ಅವರ ಕೈ ಕಟ್ಟಿರುತ್ತದೆ. ನಿಮ್ಮ ತಾಲ್ಲೂಕು ಅಥವಾ ಹೋಬಳಿ ಪಟ್ಟಿಯಲ್ಲಿದೆಯೇ ಎಂದು ತಹಶೀಲ್ದಾರರ ಕಚೇರಿಯಲ್ಲಿ ಮೊದಲು ಖಚಿತಪಡಿಸಿಕೊಳ್ಳಿ.

2018ರ ನಿರ್ದೇಶನದ ಪ್ರಕಾರ, ಬೆಳೆ ನಷ್ಟ ಶೇ. 33 ಅಥವಾ ಹೆಚ್ಚಿದ್ದರೆ ಬೆಳೆ ಸಾಲವನ್ನು ಅವಧಿ ಸಾಲವಾಗಿ ಪರಿವರ್ತಿಸಬಹುದು. ನಷ್ಟ ಶೇ. 33ರಿಂದ 50ರ ನಡುವೆ ಇದ್ದರೆ ಮರುಪಾವತಿಗೆ ಗರಿಷ್ಠ 2 ವರ್ಷ, ಶೇ. 50 ದಾಟಿದ್ದರೆ ಗರಿಷ್ಠ 5 ವರ್ಷ. ಎರಡರಲ್ಲೂ ಮೊದಲ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಟ್ರ್ಯಾಕ್ಟರ್, ಕೊಳವೆಬಾವಿಯಂಥ ಅವಧಿ ಸಾಲದಲ್ಲಿ ಆಸ್ತಿ ಸುರಕ್ಷಿತವಾಗಿದ್ದು ಆ ವರ್ಷದ ಬೆಳೆ ಮಾತ್ರ ಹೋಗಿದ್ದರೆ, ಆ ವರ್ಷದ ಕಂತನ್ನು ಮುಂದೂಡಿ ಸಾಲದ ಅವಧಿಯನ್ನು ಒಂದು ವರ್ಷ ವಿಸ್ತರಿಸಲು ಅವಕಾಶವಿದೆ. ಇದಕ್ಕೆ ಹೆಚ್ಚುವರಿ ಜಾಮೀನು ಕೇಳುವಂತಿಲ್ಲ. ಘೋಷಣೆಯಾದ ಮೂರು ತಿಂಗಳೊಳಗೆ ಈ ಕೆಲಸ ಮುಗಿಯಬೇಕು. ಗ್ರಾಮೀಣ ಬ್ಯಾಂಕ್ ಮತ್ತು ಸಹಕಾರಿ ಸಂಸ್ಥೆಗಳಿಗೆ ನಬಾರ್ಡ್‌ನ ಮಾರ್ಗಸೂಚಿ ಪ್ರತ್ಯೇಕವಾಗಿದೆ. ಈ ನಿಯಮಗಳು ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ, ಅರ್ಜಿ ಕೊಡುವ ದಿನ ಜಾರಿಯಲ್ಲಿರುವ ಸುತ್ತೋಲೆಯನ್ನು ಶಾಖೆಯಲ್ಲಿ ಕೇಳಿ ನೋಡಬೇಕು.

ಮರುಹೊಂದಾಣಿಕೆ ಎಂದರೆ ಸಾಲ ಮನ್ನಾ ಅಲ್ಲ. ಅಸಲೂ ಉಳಿಯುತ್ತದೆ, ಬಡ್ಡಿಯೂ ಬೆಳೆಯುತ್ತದೆ. ಬೆಳೆ ಸಾಲಕ್ಕೆ ಸರ್ಕಾರ ಕೊಡುವ ಬಡ್ಡಿ ರಿಯಾಯಿತಿ, ತೀವ್ರ ವಿಪತ್ತುಗಳನ್ನು ಬಿಟ್ಟರೆ, ಪರಿವರ್ತನೆಯಾದ ಸಾಲಕ್ಕೆ ಮೊದಲ ವರ್ಷ ಮಾತ್ರ ಸಿಗುತ್ತದೆ. ಎರಡನೇ ವರ್ಷದಿಂದ ಸಾಮಾನ್ಯ ದರ. ಸಕಾಲಕ್ಕೆ ಕಟ್ಟಿದವರಿಗೆ ದೊರೆಯುವ ಹೆಚ್ಚುವರಿ ರಿಯಾಯಿತಿಯೂ ತಪ್ಪಬಹುದು. ಬೇರೆ ಆದಾಯದಿಂದ ಸಾಲ ತೀರಿಸಲು ಸಾಧ್ಯವಿರುವ ರೈತ ಇದನ್ನು ತೆಗೆದುಕೊಳ್ಳದಿರುವುದೇ ಲೇಸು. ಕೈಗಡ ತಂದು, ಬಂಗಾರ ಅಡವಿಟ್ಟು ಕಟ್ಟಬೇಕಾದ ಸ್ಥಿತಿಯಲ್ಲಿರುವವರು ಮಾತ್ರ ಸಂಕೋಚವಿಲ್ಲದೆ ತೆಗೆದುಕೊಳ್ಳಬೇಕು. ಸಹಿ ಹಾಕುವ ಮುನ್ನ ಬಡ್ಡಿ ದರ, ಕಂತಿನ ದಿನಾಂಕ ಮತ್ತು ಒಟ್ಟು ಮೊತ್ತವನ್ನು ಕನ್ನಡದಲ್ಲಿ ಬರೆಸಿಕೊಳ್ಳಿ.

ಇದರ ಬಹುಮುಖ್ಯ ಪ್ರಯೋಜನ ಬೇರೆಯೇ ಇದೆ. ಹಳೆಯ ಸಾಲ ಹೀಗೆ ಹೊಂದಾಣಿಕೆಯಾದ ಮೇಲೆ ಮುಂದಿನ ಹಂಗಾಮಿಗೆ ಹೊಸ ಬೆಳೆ ಸಾಲ ಪಡೆಯುವ ದಾರಿ ತೆರೆಯುತ್ತದೆ. ಬೀಜ, ಗೊಬ್ಬರಕ್ಕೆ ದುಡ್ಡಿಲ್ಲದ ರೈತನಿಗೆ ಅದೇ ನಿಜವಾದ ಪರಿಹಾರ. 2025ರ ಜನವರಿಯಿಂದ 2 ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಅಡಮಾನ ಬೇಕಿಲ್ಲ. ಭೂಮಿಯ ಮೂಲ ದಾಖಲೆ ಕಳೆದುಕೊಂಡವರಿಗೆ ಕಂದಾಯ ಇಲಾಖೆಯ ಪ್ರಮಾಣಪತ್ರದ ಮೇಲೆ ಸಾಲ ನೀಡಬಹುದು. ಮನೆಖರ್ಚಿಗೆಂದು 10,000 ರೂಪಾಯಿವರೆಗೆ ಅಡಮಾನವಿಲ್ಲದ ಸಾಲ ಕೊಡಲೂ ನಿರ್ದೇಶನವಿದೆ; ಹೆಚ್ಚಿನ ಮೊತ್ತ ಬ್ಯಾಂಕ್‌ನ ವಿವೇಚನೆಗೆ ಬಿಟ್ಟದ್ದು.

ಪರಿಹಾರದ ಹಣವನ್ನು ಬ್ಯಾಂಕ್ ಹಳೆಯ ಸಾಲಕ್ಕೆ ಜಮೆ ಮಾಡಿಕೊಂಡಿದೆ ಎಂಬ ದೂರು ಪ್ರತಿ ಬಾರಿಯೂ ಕೇಳಿಬರುತ್ತದೆ. 2023ರ ಬರದ ಪರಿಹಾರ 2024ರಲ್ಲಿ ರೈತರ ಖಾತೆಗೆ ಬಂದಾಗಲೂ ಹೀಗಾಯಿತು. ಹಾಗೆ ಮಾಡಬಾರದೆಂದು ರಾಜ್ಯ ಸರ್ಕಾರ ಬ್ಯಾಂಕ್‌ಗಳಿಗೆ ಸೂಚಿಸಿತು. ಅಂಥ ಜಮೆ ಕಂಡರೆ ಪಾಸ್‌ಬುಕ್ಕಿನ ಆ ನಮೂದಿನ ಪ್ರತಿಯೊಂದಿಗೆ ಶಾಖೆಗೂ ಜಿಲ್ಲಾಧಿಕಾರಿಗಳ ಕಚೇರಿಗೂ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೂ ಅರ್ಜಿ ಕೊಡಿ.

ಸತ್ತವರ ಮತ್ತು ಕಾಣೆಯಾದವರ ಖಾತೆಗಳು

ನಾಮನಿರ್ದೇಶನವಿದ್ದ ಖಾತೆಯ ಹಣವನ್ನು ಮರಣ ಪ್ರಮಾಣಪತ್ರ ಮತ್ತು ಗುರುತಿನ ದಾಖಲೆ ಕೊಟ್ಟ 15 ದಿನಗಳೊಳಗೆ ಬ್ಯಾಂಕ್ ಇತ್ಯರ್ಥಪಡಿಸಬೇಕು. ಭೂಕುಸಿತದಲ್ಲಿ ದೇಹವೇ ಸಿಗದಿದ್ದಾಗ ಕುಟುಂಬದ ಕಷ್ಟ ಹೆಚ್ಚುತ್ತದೆ. ಕಾಣೆಯಾದವರು ಮೃತರೆಂದು ಕಾನೂನು ಭಾವಿಸಲು ಸಾಮಾನ್ಯವಾಗಿ 7 ವರ್ಷ ಬೇಕು. ಆದರೆ ಸಣ್ಣ ಮೊತ್ತದ ಖಾತೆಗಳಲ್ಲಿ, ಪೊಲೀಸರ ಪ್ರಥಮ ವರ್ತಮಾನ ವರದಿ, ಪತ್ತೆಯಾಗಿಲ್ಲವೆಂಬ ವರದಿ ಮತ್ತು ಮುಚ್ಚಳಿಕೆ ಪತ್ರದ ಆಧಾರದಲ್ಲಿ ಹಣ ಕೊಡಲು ಪ್ರತಿಯೊಂದು ಬ್ಯಾಂಕ್ ತನ್ನದೇ ಮಿತಿ ಗೊತ್ತುಪಡಿಸಿಕೊಳ್ಳಬಹುದು. ಆ ಮಿತಿ ಎಷ್ಟು ಎಂದು ಲಿಖಿತವಾಗಿ ಕೇಳಿ. ಸರ್ಕಾರ ಮರಣ ಪ್ರಮಾಣಪತ್ರ ನೀಡಿದ್ದರೆ ಈ ತೊಡಕು ಉಳಿಯುವುದಿಲ್ಲ. ಇಂಥ ಮನೆಗಳಲ್ಲಿ ಬಿಮಾ ಯೋಜನೆಗಳ ಕಂತು ಕಡಿತವಾಗಿತ್ತೇ, ರುಪೇ ಕಾರ್ಡಿನ ಅಪಘಾತ ವಿಮೆ ಅನ್ವಯಿಸುತ್ತದೆಯೇ ಎಂಬುದನ್ನು ಊರಿನ ಓದುಬಲ್ಲ ಯುವಕರು ಕುಳಿತು ನೋಡಿಕೊಟ್ಟರೆ ಅದೊಂದು ದೊಡ್ಡ ಉಪಕಾರ.

ನೀವು ಕೊಡುವವರಾದರೆ

ಸಂತ್ರಸ್ತರಿಗೆ ಬ್ಯಾಂಕ್ ಮೂಲಕ ಹಣ ಕಳುಹಿಸುವವರು, ವಾಟ್ಸ್‌ಆ್ಯಪ್‌ನಲ್ಲಿ ಬಂದ ಕ್ಯೂಆರ್ ಚಿತ್ರವನ್ನು ನಂಬದೆ, ಮುಖ್ಯಮಂತ್ರಿಗಳ ಪರಿಹಾರ ನಿಧಿಯ ಅಧಿಕೃತ ಜಾಲತಾಣದಿಂದಲೇ ಖಾತೆಯ ವಿವರ ಪಡೆಯಬೇಕು. ಆನ್‌ಲೈನ್ ನೆಫ್ಟ್, ಆರ್‌ಟಿಜಿಎಸ್ ವರ್ಗಾವಣೆಗೆ ಮೊದಲು ಖಾತೆದಾರರ ಹೆಸರು ತೋರಿಸುವ ಸೌಲಭ್ಯ 2025ರ ಏಪ್ರಿಲ್‌ನಿಂದ ಇದೆ. ಹೆಸರು ಹೊಂದದಿದ್ದರೆ ಅಲ್ಲಿಗೇ ನಿಲ್ಲಿಸಿ. ಕಂಪನಿಗಳನ್ನು ನಡೆಸುವವರು ಗಮನಿಸಬೇಕಾದ ಒಂದು ವ್ಯತ್ಯಾಸವಿದೆ: ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಕೊಟ್ಟದ್ದು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ, ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಕೊಟ್ಟದ್ದು ಬರುತ್ತದೆ.

ಸ್ಪಂದನೆ ಸಿಗದಿದ್ದರೆ

ಸಿಎಸ್‌ಆರ್ ಅರ್ಜಿಯನ್ನು ತಿರಸ್ಕರಿಸಿದರೆ ಮೇಲ್ಮನವಿ ಇಲ್ಲ. ಮರುವರ್ಷ ತಿದ್ದಿ ಬರೆದು ಮತ್ತೆ ಕೊಡಬಹುದು, ಇಲ್ಲವೇ ಬೇರೆ ಬ್ಯಾಂಕ್‌ಗೆ ಕೊಡಬಹುದು. ಆದರೆ ಮರುಹೊಂದಾಣಿಕೆ, ಖಾತೆ, ಮೃತರ ಹಣ ಇವುಗಳ ವಿಷಯ ಹಾಗಲ್ಲ. ಅರ್ಜಿಯನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಖೆಯ ಮೊಹರು, ದಿನಾಂಕ ಹಾಕಿಸಿಕೊಳ್ಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ ಬ್ಯಾಂಕ್‌ಗಳ ವಿರುದ್ಧದ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್‌ನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ರಿಸರ್ವ್ ಬ್ಯಾಂಕ್‌ನ ಸಿಎಂಎಸ್ ಎಂಬ ದೂರು ಜಾಲತಾಣದಲ್ಲಿ ಅಥವಾ ಅಂಚೆಯ ಮೂಲಕ ದೂರು ಕಳುಹಿಸಬಹುದು. ಮಾಹಿತಿಗೆ 14448 ಸಂಖ್ಯೆ ಇದೆ. ಸಾಲ ಕೊಡುವುದು ಬಿಡುವುದು ಬ್ಯಾಂಕ್‌ನ ವಾಣಿಜ್ಯ ತೀರ್ಮಾನವಾದ್ದರಿಂದ ಒಂಬುಡ್ಸ್‌ಮನ್ ಅದರಲ್ಲಿ ಕೈ ಹಾಕುವುದಿಲ್ಲ. ಆದ್ದರಿಂದ ದೂರಿನಲ್ಲಿ ‘ಸಾಲ ಕೊಡಲಿಲ್ಲ’ ಎಂದು ಬರೆಯುವ ಬದಲು, ಯಾವ ದಿನ ಅರ್ಜಿ ಕೊಟ್ಟಿರಿ, ನಿರ್ದೇಶನದ ಯಾವ ಅಂಶವನ್ನು ಶಾಖೆ ಪಾಲಿಸಲಿಲ್ಲ ಎಂಬುದನ್ನು ಬರೆದು, ಮೊಹರು ಹಾಕಿಸಿಕೊಂಡ ಪ್ರತಿಯನ್ನು ಲಗತ್ತಿಸಿ.